ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಬೇಕಾದ್ದು ಜೂನ್‌ನಲ್ಲಲ್ಲ, ನವೆಂಬರ್‌ನಲ್ಲಿ

ಕಳೆದ ಜೂನ್‌ನಲ್ಲಿ ಹಾವೇರಿ ಹತ್ತಿರದ ಅಕ್ಕನ ಊರಿಗೆ ಹೋಗಿದ್ದೆ. ಮಳೆ ಚೆನ್ನಾಗಿ ಹಿಡಿದಿತ್ತು. ಭಾವ ಗೋವಿನಜೋಳ ಬಿತ್ತಿ ಮುಗಿಸಿ ಸಂಜೆ ಕಟ್ಟೆ ಮೇಲೆ ಕೂತಿದ್ದರು. ಅಕ್ಕನ ಮಗಳು ಫೋನ್ ಹಿಡಿದು ಬಂದಳು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಾಳೆ, ಆರನೇ ಸೆಮಿಸ್ಟರ್ ಆಗಷ್ಟೇ ಮುಗಿದಿತ್ತು.

"ಮಾಮಾ, ಇದನ್ನ ನೋಡ್ರಿ. ಕ್ಲಾಸ್ ಗ್ರೂಪಿನ್ಯಾಗ ಬಂದೈತಿ. ಇವತ್ತ ರೊಕ್ಕಾ ಹಾಕಿದ್ರ ಸೀಟ್ ಸಿಗತೈತಂತ."

ನೋಡಿದೆ. ಹದಿನಾರು ವಾರದ ಇಂಟರ್ನ್‌ಶಿಪ್, ಪೂರ್ತಿ ಆನ್‌ಲೈನ್. ಶುಲ್ಕ ಆರು ಸಾವಿರ ರೂಪಾಯಿ. ಆಫರ್ ಲೆಟರ್, ಹಾಜರಾತಿ ಪತ್ರ, ಸರ್ಟಿಫಿಕೇಟ್, ಜೊತೆಗೆ ಪ್ರಾಜೆಕ್ಟ್ ವರದಿ ಕೂಡ ಅವರೇ ಕೊಡ್ತಾರಂತೆ. ಕೆಳಗೆ ಒಂದು ಕ್ಯೂಆರ್ ಕೋಡ್. ಯಾವ ಕೆಲಸ, ಯಾರು ಕಲಿಸ್ತಾರೆ, ಕಚೇರಿ ಎಲ್ಲಿದೆ ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಭಾವ ಪಿಯುಸಿವರೆಗೂ ಓದಿದವರಲ್ಲ. ಆದರೆ ಕೇಳಬೇಕಾದ್ದನ್ನೇ ಕೇಳಿದರು. "ಕಲಸ್ತಾರೇನು? ಇಲ್ಲಾ ಬರೇ ಕಾಗದಾ ಕೊಡ್ತಾರೇನು?"

ಅವಳು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: "ಎಲ್ಲಾರೂ ಹಾಕಾಕತ್ತಾರಪ್ಪಾ. ಬ್ಯಾರೆ ಎಲ್ಲೂ ಸಿಗವಲ್ದು."

"ಬ್ಯಾರೆ ಎಲ್ಲೂ ಸಿಗವಲ್ದು" ಅನ್ನುವ ಆ ಮಾತು ನನ್ನನ್ನ ಬಿಡಲಿಲ್ಲ. ಯಾಕಂದ್ರೆ ನಾನು ಕೆಲಸ ಮಾಡೋದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಪಂಪುಗಳಿಗೆ, ಲಿಫ್ಟುಗಳಿಗೆ ಬೇಕಾದ ಕಂಟ್ರೋಲ್ ಪ್ಯಾನೆಲ್ ಮಾಡ್ತೇವೆ. ನಮ್ಮಲ್ಲಿಗೆ ಇಂಟರ್ನ್‌ಶಿಪ್ ಕೇಳಿ ಬರುವ ಮೇಲ್‌ಗಳನ್ನ ಓದೋದು ಹಲವು ವರ್ಷಗಳಿಂದ ನನ್ನ ಪಾಲಿನ ಕೆಲಸ. ಅಂದರೆ "ಸಿಗಲ್ಲ" ಅಂತ ಹೇಳುವ ಕಡೆ ನಾನು ಕೂತಿದ್ದೇನೆ, "ಸಿಗವಲ್ದು" ಅನ್ನುವ ಕಡೆ ನನ್ನ ಅಕ್ಕನ ಮಗಳಿದ್ದಾಳೆ. ಈ ಎರಡರ ನಡುವೆ ಏನಾಗ್ತಿದೆ ಅಂತ ಅವತ್ತಿನಿಂದ ಯೋಚಿಸ್ತಾ ಇದ್ದೇನೆ.

ನನಗೆ ಕಂಡದ್ದು ಇಷ್ಟು. ದುಡ್ಡು ಕೇಳದ ಅವಕಾಶಗಳಿಗೆ ಅರ್ಜಿ ಹಾಕುವ ದಿನ ವಿದ್ಯಾರ್ಥಿಗಳು ಎಚ್ಚರಗೊಳ್ಳುವ ಎಷ್ಟೋ ತಿಂಗಳ ಮೊದಲೇ ಮುಗಿದುಹೋಗಿರುತ್ತದೆ. ಅವರು ಹುಡುಕಲು ಶುರು ಮಾಡುವ ಹೊತ್ತಿಗೆ ಉಳಿದಿರೋದು ದುಡ್ಡು ಕೇಳುವವರು ಮಾತ್ರ. ಇದರಲ್ಲಿ ಹುಡುಗರ ತಪ್ಪು ಕಡಿಮೆ. ಅವರಿಗೆ ಹೊತ್ತಿಗೆ ಸರಿಯಾಗಿ ಹೇಳಬೇಕಾದವರು ಹೇಳಿಲ್ಲ.

ಕಡ್ಡಾಯ ಮಾಡಿದ್ದಾಯ್ತು, ಜಾಗ ಎಲ್ಲಿದೆ?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 1998ರಲ್ಲಿ ಶುರುವಾದದ್ದು. ಇವತ್ತು ಅದರ ಕೆಳಗೆ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಅದರ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಉದ್ಯಮದಲ್ಲಾದರೂ ಮಾಡಬಹುದು, ಸಂಶೋಧನಾ ಸಂಸ್ಥೆಯಲ್ಲಾದರೂ ಮಾಡಬಹುದು. ಅದಕ್ಕೆ 10 ಕ್ರೆಡಿಟ್. ಎಂಟನೇ ಸೆಮಿಸ್ಟರಿನ ಒಟ್ಟು ಕ್ರೆಡಿಟ್ 16, ಅದರಲ್ಲಿ ಹತ್ತು ಇದೊಂದಕ್ಕೇ. ಇದನ್ನ ಮುಗಿಸದೆ ಡಿಗ್ರಿ ಕೈಗೆ ಬರಲ್ಲ.

ಈ ಯೋಚನೆ ತಪ್ಪು ಅಂತ ನಾನು ಹೇಳಲ್ಲ. ಖಂಡಿತ ಒಳ್ಳೆಯದು. ಮೋಟರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಅನ್ನು ನಾಲ್ಕು ವರ್ಷ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ ಹುಡುಗ ನಮ್ಮಲ್ಲಿಗೆ ಬಂದು ಅದನ್ನ ಕೈಯಲ್ಲಿ ಹಿಡಿದಾಗ ಅವನ ಮುಖ ನೋಡಬೇಕು. "ಸರ್, ಇಷ್ಟು ಚಿಕ್ಕದಾ ಇದು?" ಅಂತ ಕೇಳ್ತಾನೆ. ಒಂದು ತಂತಿಗೆ ನಂಬರ್ ಹಾಕಿದ ಪುಟ್ಟ ಕೊಳವೆ, ಅಂದರೆ ಫೆರೂಲ್ ತೂರಿಸಿ, ತುದಿಗೆ ಲೋಹದ ಲಗ್ ಹಾಕಿ ಒತ್ತಿ ಕ್ರಿಂಪ್ ಮಾಡಿ, ಡ್ರಾಯಿಂಗಿನಲ್ಲಿ ಇರುವ ನಂಬರಿಗೆ ಹೊಂದಿಸಿ ಟರ್ಮಿನಲ್‌ಗೆ ಬಿಗಿಯೋದು ನೋಡೋಕೆ ಐದು ನಿಮಿಷದ ಕೆಲಸ. ಶುರುವಿನಲ್ಲಿ ಹತ್ತರಲ್ಲಿ ಮೂರು ಕಿತ್ತು ಬರ್ತವೆ. ಎರಡು ವಾರ ಮಾಡಿದ ಮೇಲೆ ಒಂದೂ ಬರಲ್ಲ. ಆ ಎರಡು ವಾರದಲ್ಲಿ ಕೈ ಕಲಿತದ್ದನ್ನ ಯಾವ ವಿಡಿಯೋನೂ ಕಲಿಸಲ್ಲ.

ಕಷ್ಟ ಇರೋದು ಬೇರೆ ಕಡೆ. ಕಡ್ಡಾಯ ಅಂದ ತಕ್ಷಣ ರಾಜ್ಯದ ಎಲ್ಲಾ ಕೊನೆಯ ವರ್ಷದ ವಿದ್ಯಾರ್ಥಿಗಳು ಒಂದೇ ಸಲ ಕಾರ್ಖಾನೆ, ಕಂಪನಿಗಳ ಬಾಗಿಲಿಗೆ ಬರ್ತಾರೆ. ವಿಶ್ವವಿದ್ಯಾಲಯಕ್ಕೂ ಇದು ಗೊತ್ತಿತ್ತು ಅನಿಸುತ್ತೆ. ಅದಕ್ಕೇ ಕಾಲೇಜುಗಳು ಏಳನೇ ಮತ್ತು ಎಂಟನೇ ಸೆಮಿಸ್ಟರನ್ನು ಅದಲು ಬದಲು ಮಾಡಿಕೊಳ್ಳಬಹುದು ಅಂತ ನಿಯಮದಲ್ಲೇ ಇದೆ. ಅರ್ಧ ಜನ ಆರನೇ ಸೆಮಿಸ್ಟರ್ ಮುಗಿದ ಕೂಡಲೇ ಇಂಟರ್ನ್‌ಶಿಪ್‌ಗೆ ಹೋಗಲಿ, ಉಳಿದರ್ಧ ಕೊನೆಗೆ ಹೋಗಲಿ ಅನ್ನೋ ಲೆಕ್ಕ. ಒಳ್ಳೆಯ ಉಪಾಯ. ಆದರೆ ಯಾರು ಮೊದಲು, ಯಾರು ಆಮೇಲೆ ಅನ್ನೋದು ವಿದ್ಯಾರ್ಥಿಗೆ ಗೊತ್ತಾಗೋದು ಯಾವಾಗ? ನನ್ನ ಅಕ್ಕನ ಮಗಳಿಗೆ ಗೊತ್ತಾದದ್ದು ಆರನೇ ಸೆಮಿಸ್ಟರ್ ಪರೀಕ್ಷೆ ನಡೀತಾ ಇದ್ದಾಗ. ಎರಡು ತಿಂಗಳೂ ಕೈಯಲ್ಲಿರಲಿಲ್ಲ.

ಆ ಗಾಬರಿಯ ಮೇಲೇ ಆರು ಸಾವಿರದ ಅಂಗಡಿ ನಡೆಯೋದು. ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ದುಡ್ಡು ತಗೊಂಡು ಏನಾದರೂ ಕಲಿಸೋದು ತಪ್ಪಲ್ಲ. ಅದನ್ನ ತರಬೇತಿ ಅಂತ ಕರೆಯಲಿ, ಕೋರ್ಸ್ ಅಂತ ಕರೆಯಲಿ, ಬೇಕಾದವರು ಸೇರಲಿ. ಆದರೆ ಕೆಲಸವನ್ನೇ ಮಾಡಿಸದೆ, ಹಾಜರಾತಿಯನ್ನೇ ತಗೊಳ್ಳದೆ ಹದಿನಾರು ವಾರ ದುಡಿದಿದ್ದಾನೆ ಅಂತ ಬರೆದು ಕೊಡೋದು ಸುಳ್ಳು ಕಾಗದ. ಇಪ್ಪತ್ತೊಂದು ವರ್ಷದ ಹುಡುಗಿ ತನ್ನ ವೃತ್ತಿಗೆ ಕಾಲಿಡುವ ಮೊದಲೇ ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕುವ ಹಾಗೆ ಮಾಡ್ತಿದ್ದೇವೆ. ದುಡ್ಡಿಗಿಂತ ಇದೇ ನನಗೆ ಜಾಸ್ತಿ ನೋವು.

ಯಾರ ಮೆಸೇಜ್ ಬಂದರೂ ಮೊದಲು ಭಾವ ಕೇಳಿದ ಪ್ರಶ್ನೆ ಕೇಳಿ. ಆಮೇಲೆ ಇನ್ನೂ ಮೂರು ನೋಡಿ. ಕಂಪನಿ ಹೆಸರು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಸಿಗುತ್ತಾ? ಜಿಎಸ್‌ಟಿ ನಂಬರ್ ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು, ಖರ್ಚಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಕಂಪನಿ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ದುಡ್ಡು ಕೇಳದ ಜಾಗಗಳು

ಈಗ ಕ್ಯಾಲೆಂಡರಿಗೆ ಬರೋಣ. ಬೆಂಗಳೂರಿನ ಸದಾಶಿವನಗರದಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಇದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು. ಇದು ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಪ್ರತಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ದೇಶದ ಒಬ್ಬ ವಿಜ್ಞಾನಿಯ ಜೊತೆ ಅವರ ಲ್ಯಾಬಿನಲ್ಲೇ ಕೆಲಸ ಮಾಡಬಹುದು. ತಿಂಗಳಿಗೆ ಹಣ ಕೊಡ್ತಾರೆ, ಹೋಗಿಬರುವ ರೈಲು ಖರ್ಚನ್ನೂ ಕೊಡ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಬೇಕಾಗೋದು ಅಂಕಪಟ್ಟಿ, ತನಗೆ ಯಾವ ವಿಷಯದಲ್ಲಿ ಯಾಕೆ ಆಸಕ್ತಿ ಅಂತ ಬರೆದ ಪುಟ್ಟ ಟಿಪ್ಪಣಿ, ಜೊತೆಗೆ ಒಬ್ಬ ಮೇಷ್ಟ್ರ ಶಿಫಾರಸು.

ಇದಕ್ಕೆ ಅರ್ಜಿ ಹಾಕುವ ಗಡುವು ಸಾಮಾನ್ಯವಾಗಿ ಹಿಂದಿನ ನವೆಂಬರ್ ಹೊತ್ತಿಗೇ ಮುಗಿಯುತ್ತದೆ. ಕೆಲಸ ಬೇಸಿಗೆಯದು, ಅರ್ಜಿ ದೀಪಾವಳಿ ಹೊತ್ತಿನದು.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ ಕೂಡ ಹಾಗೇ. ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಗಳನ್ನ ಹಿಂದಿನ ಮಳೆಗಾಲದಲ್ಲೇ ಆರಿಸಿಕೊಂಡಿರ್ತವೆ, ಅದೂ ತಮಗೆ ಗೊತ್ತಿರುವ ಕಾಲೇಜುಗಳಿಂದ. ಇಸ್ರೋದ ಕೇಂದ್ರಗಳೂ ವಿದ್ಯಾರ್ಥಿಗಳನ್ನ ತಗೊಳ್ತವೆ. ಸ್ಟೈಪೆಂಡ್, ಅಂದರೆ ತಿಂಗಳ ಭತ್ಯೆ ಇಲ್ಲ, ಆದರೆ ಕಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಇವೆಲ್ಲ ಗುಟ್ಟಿನ ವಿಷಯ ಅಲ್ಲ. ವೆಬ್‌ಸೈಟಿನಲ್ಲಿ ರಾಜಾರೋಷವಾಗಿ ಹಾಕಿರ್ತಾರೆ. ಬೆಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ಸೀನಿಯರ್ ಒಬ್ಬ ಕ್ಯಾಂಟೀನಿನಲ್ಲಿ ಹೇಳ್ತಾನೆ, "ಲೋ, ಅಕಾಡೆಮಿ ಫಾರ್ಮ್ ಬಂದಿದೆ ನೋಡು" ಅಂತ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಆ ಸೀನಿಯರ್ ಇಲ್ಲ. ಯಾಕಂದ್ರೆ ಅವನಿಗೂ ಅವನ ಸೀನಿಯರ್ ಹೇಳಿರಲಿಲ್ಲ. ಓದಿನಲ್ಲಿ ಇರುವ ವ್ಯತ್ಯಾಸ ದೊಡ್ಡದೇನಲ್ಲ. ಒಂದು ವಾಕ್ಯ ಕಿವಿಗೆ ಬಿತ್ತೋ ಇಲ್ಲವೋ ಅನ್ನೋದೇ ವ್ಯತ್ಯಾಸ.

ನಾವು ಯಾಕೆ ಬೇಡ ಅಂತೀವಿ

ಸಣ್ಣ ಕಾರ್ಖಾನೆಗಳ ಕಡೆಯ ಮಾತನ್ನೂ ಹೇಳಬೇಕು. ಇದನ್ನ ವಿದ್ಯಾರ್ಥಿಗಳಿಗೆ ಯಾರೂ ಹೇಳೋದಿಲ್ಲ.

ನಮ್ಮಲ್ಲಿ ಮೂವತ್ತು ಚಿಲ್ಲರೆ ಜನ. ಒಬ್ಬ ಇಂಟರ್ನ್ ಬಂದರೆ ಅವನ ಪಕ್ಕ ಒಬ್ಬ ಅನುಭವಸ್ಥ ವೈರ್‌ಮನ್ ನಿಲ್ಲಬೇಕು. ಮೊದಲ ವಾರ ಸುರಕ್ಷತೆ ಹೇಳಿಕೊಡೋದರಲ್ಲೇ ಹೋಗುತ್ತೆ: ಯಾವ ಟೇಬಲ್ ಮೇಲೆ ಕರೆಂಟ್ ಇದೆ, ಟೆಸ್ಟಿಂಗ್ ನಡೆಯುವಾಗ ಎಲ್ಲಿ ನಿಲ್ಲಬಾರದು, ಕರೆಂಟ್ ಹರಿಯುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್ ಹತ್ತಿರ ಉಂಗುರ ಹಾಕಿಕೊಂಡು ಯಾಕೆ ಹೋಗಬಾರದು. ಎರಡನೇ ವಾರ ಸಾಮಾನಿನ ಹೆಸರು ಗೊತ್ತಾಗುತ್ತೆ. ಮೂರು, ನಾಲ್ಕನೇ ವಾರ ಮಾಡಿದ್ದನ್ನ ನಾವು ಮತ್ತೆ ಬಿಚ್ಚಿ ನೋಡ್ತೇವೆ. ಐದನೇ ವಾರದಿಂದ ಆ ಹುಡುಗನಿಂದ ನಮಗೂ ಉಪಯೋಗ. ಅದಕ್ಕೇ ನಾಲ್ಕು ವಾರಕ್ಕೆ ಬರ್ತೀನಿ ಅನ್ನುವವರಿಗೆ ನಾವು ಇಲ್ಲ ಅಂತೀವಿ. ಹದಿನಾರು ವಾರ ಅಂದರೆ ಮಾತಾಡ್ತೀವಿ.

ಅಂದರೆ ವಿಟಿಯು ಹೇಳುವ ಉದ್ದದ ಅವಧಿ ಕಾರ್ಖಾನೆಗೆ ಒಳ್ಳೆಯದೇ. ಆದರೆ ಅದರ ಖರ್ಚು ಪೂರ್ತಿ ಹುಡುಗನ ಮನೆಯ ಮೇಲೆ. ಬೆಂಗಳೂರಿನಲ್ಲಿ ಪಿಜಿ, ಊಟ, ಬಸ್ಸು ಸೇರಿ ತಿಂಗಳಿಗೆ ಹತ್ತು ಸಾವಿರಕ್ಕೆ ಕಡಿಮೆ ಆಗೋದು ಕಷ್ಟ. ನಾಲ್ಕು ತಿಂಗಳಿಗೆ ಲೆಕ್ಕ ಹಾಕಿ. ಅದರ ಮುಂದೆ ಆರು ಸಾವಿರದ ಆನ್‌ಲೈನ್ ಸರ್ಟಿಫಿಕೇಟ್ ಅಗ್ಗ ಅನಿಸದೆ ಇನ್ನೇನು? ಬಡವರ ಮನೆಯ ಮಕ್ಕಳು ಅದನ್ನ ತಗೊಂಡಾಗ ಸೋಮಾರಿಗಳು ಅಂತ ಬೈಯುವವರನ್ನ ನೋಡಿದ್ದೇನೆ. ಅವರು ಈ ಲೆಕ್ಕ ಹಾಕಿಲ್ಲ.

ಕಾನೂನು ಕೂಡ ಇಲ್ಲಿ ಕೈ ಹಿಡಿಯಲ್ಲ. ಅಪ್ರೆಂಟಿಸ್, ಅಂದರೆ ಒಪ್ಪಂದದ ಮೇಲೆ ಕೆಲಸ ಕಲಿಯಲು ಸೇರುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ನಿಯಮಗಳ 2019ರ ತಿದ್ದುಪಡಿಯಲ್ಲಿ ಡಿಗ್ರಿ ಆದವರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ನಿಗದಿ ಮಾಡಿದರು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಡಿಗ್ರಿ, ಡಿಪ್ಲೊಮಾ ಮುಗಿಸಿದವರನ್ನ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ತಗೊಂಡರೆ ಆ ಕನಿಷ್ಠ ಸ್ಟೈಪೆಂಡಿನ ಅರ್ಧ ಹಣವನ್ನ ಕೇಂದ್ರ ಸರ್ಕಾರ ಕೊಡುತ್ತದೆ. ಆದರೆ ಓದುತ್ತಾ ಇರುವಾಗಲೇ ಪಠ್ಯದ ಭಾಗವಾಗಿ ಬರುವ ಇಂಟರ್ನ್‌ಗೆ ಇಷ್ಟೇ ಕೊಡಬೇಕು ಅನ್ನುವ ಕಾನೂನು ಇಲ್ಲ. ಅವನನ್ನ ತಗೊಂಡ ಸಣ್ಣ ಕಾರ್ಖಾನೆಗೆ ಆ ಅರ್ಧ ಹಣವೂ ಬರಲ್ಲ. ಅದೇ ಹುಡುಗ, ಅದೇ ಟೇಬಲ್, ಅದೇ ಕೆಲಸ. ಡಿಗ್ರಿ ಕೈಗೆ ಬಂದ ಮರುದಿನ ಅವನಿಗೆ ನೆರವು ಇದೆ, ಹಿಂದಿನ ದಿನ ಇಲ್ಲ. ಈ ಒಂದು ಗೆರೆ ಅಳಿಸಿದರೆ ನಮ್ಮಂಥ ಎಷ್ಟೋ ಕಾರ್ಖಾನೆಗಳು ಹೂಂ ಅಂತಾವೆ ಅಂತ ನಾನು ನಂಬಿದ್ದೇನೆ.

"ಮೋದಿ ಇಂಟರ್ನ್‌ಶಿಪ್ ಇದೆಯಲ್ಲ ಸರ್" ಅಂತ ಕೆಲವು ಹುಡುಗರು ಕೇಳ್ತಾರೆ. ಅದು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಜುಲೈ ಬಜೆಟ್‌ನಲ್ಲಿ ಘೋಷಿಸಿದರು, ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ಅಂತ. ಅಕ್ಟೋಬರ್ 3ರಂದು ಪ್ರಾಯೋಗಿಕವಾಗಿ ಶುರು ಮಾಡಿದರು. 500 ದೊಡ್ಡ ಕಂಪನಿಗಳು, ಹನ್ನೆರಡು ತಿಂಗಳು, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000. ಆದರೆ ಆ ಪ್ರಾಯೋಗಿಕ ಹಂತದ ನಿಯಮದ ಪ್ರಕಾರ 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ಮಾತ್ರ ಅದು. ಕಾಲೇಜಿನಲ್ಲಿ ಕೂತು ಕ್ರೆಡಿಟ್‌ಗಾಗಿ ಇಂಟರ್ನ್‌ಶಿಪ್ ಹುಡುಕುವವರಿಗೆ ಆಗ ಅದು ಇರಲೇ ಇಲ್ಲ.

ಆ ಯೋಜನೆಯ ಮೊದಲ ಸುತ್ತಿನಲ್ಲಿ ಏನಾಯ್ತು ಅನ್ನೋದನ್ನ ಮಾತ್ರ ಎಲ್ಲರೂ ನೋಡಬೇಕು. ಕಂಪನಿಗಳು ಸುಮಾರು 1.27 ಲಕ್ಷ ಜಾಗ ತೋರಿಸಿದವು. ಕೊಟ್ಟ ಆಫರ್‌ಗಳು 82 ಸಾವಿರದ ಆಸುಪಾಸು. ಒಪ್ಪಿಕೊಂಡವರು 28 ಸಾವಿರ. ನಿಜಕ್ಕೂ ಹೋಗಿ ಸೇರಿದವರು ಸುಮಾರು 8,700. ಮುಖ್ಯ ಕಾರಣ ಅಂತ ಸರ್ಕಾರವೇ ಹೇಳಿದ್ದು ದೂರ ಮತ್ತು ಅವಧಿ. ಐದು ಹತ್ತು ಕಿಲೋಮೀಟರ್ ಆಚೆ ಹೋಗೋಕೆ ಬಹಳ ಜನ ಒಪ್ಪಲಿಲ್ಲ, ಒಂದು ವರ್ಷ ತುಂಬಾ ಉದ್ದ ಅನಿಸಿತು.

ಒಪ್ಪಲಿಲ್ಲ ಅನ್ನೋದಕ್ಕಿಂತ ಆಗಲಿಲ್ಲ ಅನ್ನೋದು ಸರಿ ಅಂತ ನನಗನಿಸುತ್ತೆ. ಐದು ಸಾವಿರಕ್ಕೆ ಬೇರೆ ಊರಿನಲ್ಲಿ ರೂಮು ಮಾಡಿಕೊಂಡು ಊಟ ಮಾಡಿ ಬದುಕೋದು ಹೇಗೆ? ಇಂಟರ್ನ್‌ಶಿಪ್ ಅನ್ನೋದು ಕೊನೆಗೂ ರೂಮು ಬಾಡಿಗೆಯ ಪ್ರಶ್ನೆ. ಅದಕ್ಕೇ ನಾನು ಹುಡುಗರಿಗೆ ಹೇಳೋದು, ಬೆಂಗಳೂರು ಬಿಟ್ಟು ಮೊದಲು ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಏನಿದೆ ನೋಡಿ ಅಂತ.

ಇದೆ, ಬಹಳ ಇದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳು, ಹೈಡ್ರಾಲಿಕ್ಸ್ ಸಾಮಾನು ಮಾಡುವ ಘಟಕಗಳು ಸಾಲಾಗಿವೆ. ವಿಟಿಯು ಕಚೇರಿ ಇರುವ ಮಚ್ಛೆಗೆ ಅದೇ ಖಾನಾಪುರ ರಸ್ತೆಯಲ್ಲೇ ಹೋಗಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಶಿವಮೊಗ್ಗದ ಮಾಚೇನಹಳ್ಳಿ, ಮೈಸೂರಿನ ಹೆಬ್ಬಾಳ, ಹೂಟಗಳ್ಳಿ. ಇಲ್ಲಿನ ಎಷ್ಟೋ ಘಟಕಗಳಿಗೆ ವೆಬ್‌ಸೈಟೇ ಇಲ್ಲ. ಪೋರ್ಟಲ್‌ನಲ್ಲಿ ಹುಡುಕಿದರೆ ಅವು ಕಾಣಲ್ಲ. ಗೇಟಿನ ಹತ್ತಿರ ಹೋಗಿ ಕೇಳಬೇಕು.

ಒಂದು ಮೇಲ್, ಇನ್ನೊಂದು ಮೇಲ್

ಈಗ ಅರ್ಜಿ ಬರೆಯೋದರ ಬಗ್ಗೆ. ನನಗೆ ಬರುವ ಮೇಲ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗಿರ್ತವೆ. ಅವು ಇಂಗ್ಲಿಷಿನಲ್ಲಿ ಬರ್ತವೆ, ಅರ್ಥ ಕನ್ನಡದಲ್ಲಿ ಹೇಳ್ತೇನೆ: "ಮಾನ್ಯರೇ, ನಾನು ಅತ್ಯಂತ ಉತ್ಸಾಹಿ, ಪರಿಶ್ರಮಿ ವಿದ್ಯಾರ್ಥಿ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನನ್ನ ಕೌಶಲಗಳನ್ನು ವೃದ್ಧಿಸಿಕೊಳ್ಳಲು ಬಯಸುತ್ತೇನೆ." ಒಂದೇ ಮೇಲ್ ನಲವತ್ತು ಕಂಪನಿಗೆ ಹೋಗಿರುತ್ತೆ. ಕೆಲವರಂತೂ ನಲವತ್ತೂ ವಿಳಾಸ ಕಾಣುವ ಹಾಗೆ ಕಳಿಸಿರ್ತಾರೆ. ಈಚೆಗೆ ಎಐ ಬಳಸಿ ಬರೆಸುವುದರಿಂದ ಭಾಷೆ ಚಂದ ಆಗಿದೆ, ಆದರೆ ಎಲ್ಲರದ್ದೂ ಒಂದೇ ಥರ. ಪ್ರತಿಷ್ಠಿತ ಸಂಸ್ಥೆ ಅಂತಾರೆ, ನಾವು ಏನು ಮಾಡ್ತೀವಿ ಅಂತ ಅವರಿಗೆ ಗೊತ್ತಿರಲ್ಲ.

ಎರಡು ವರ್ಷದ ಹಿಂದೆ ಬೇರೆ ಥರದ ಒಂದು ಮೇಲ್ ಬಂತು. ಇಂಗ್ಲಿಷ್ ತಪ್ಪು ತಪ್ಪಾಗಿತ್ತು. ಆದರೆ ಅದರಲ್ಲಿ ಇದ್ದದ್ದು ಇದು: "ನಮ್ಮ ಚಿಕ್ಕಪ್ಪನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ರಜಾ ದಿನ ಕೆಲಸ ಮಾಡಿದ್ದೇನೆ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಬಾಕ್ಸ್ ಬಿಚ್ಚಿ ರಿಲೇ ಬದಲಾಯಿಸಿದ್ದೇನೆ. ಸ್ಟಾರ್ ಡೆಲ್ಟಾ ಸ್ಟಾರ್ಟರಿನ ಟೈಮರ್ ಎಷ್ಟು ಸೆಕೆಂಡಿಗೆ ಇಡಬೇಕು ಅಂತ ಹೇಗೆ ನಿರ್ಧರಿಸ್ತಾರೆ ಅನ್ನೋದು ನನಗೆ ಗೊತ್ತಿಲ್ಲ, ಅದನ್ನ ಕಲಿಯಬೇಕು. ನೀವು ಪಂಪ್ ಪ್ಯಾನೆಲ್ ಮಾಡ್ತೀರಿ ಅಂತ ನಮ್ಮೂರಿನ ಒಂದು ಪ್ಯಾನೆಲ್ ಮೇಲಿದ್ದ ಸ್ಟಿಕ್ಕರಿನಿಂದ ತಿಳಿಯಿತು. ಫೆಬ್ರವರಿಯಿಂದ ಮೇವರೆಗೆ ಬರಬಲ್ಲೆ. ಕಾಲೇಜಿನ ಪತ್ರ ಜೊತೆಗಿದೆ."

ಓದಿದ ತಕ್ಷಣ ನಮ್ಮ ಪ್ರೊಡಕ್ಷನ್ ಮೇನೇಜರಿಗೆ ತೋರಿಸಿದೆ. ಅವರು ಇನ್ನೇನೂ ಕೇಳಲಿಲ್ಲ, "ಕರೀರಿ ಆ ಹುಡುಗನ್ನ" ಅಂದರು.

ಆ ಮೇಲ್‌ನಲ್ಲಿ ಏನೇನಿತ್ತು ನೋಡಿ. ಅವನು ಕೈಯಾರೆ ಮಾಡಿದ ಒಂದು ಕೆಲಸ. ಅವನಿಗೆ ಗೊತ್ತಿಲ್ಲದ ಒಂದು ವಿಷಯ, ಅದೂ ನಮಗೆ ಗೊತ್ತಿರುವಂಥದ್ದು. ನಮ್ಮ ಬಗ್ಗೆ ಅವನು ತಿಳಿದುಕೊಂಡ ಒಂದು ವಿವರ. ಬರುವ ತಾರೀಖು, ಹೋಗುವ ತಾರೀಖು. ಕಾಲೇಜಿನ ಅನುಮತಿ ಪತ್ರ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯುವ ಕನ್ನಡ ಮಾಧ್ಯಮದ ಮಕ್ಕಳು ಇದನ್ನ ಗಮನಿಸಬೇಕು. ನಮಗೆ ವ್ಯಾಕರಣ ಬೇಕಾಗಿಲ್ಲ. ಚಿಕ್ಕಪ್ಪನ ಅಂಗಡಿ, ಅಪ್ಪನ ಟ್ರ್ಯಾಕ್ಟರ್, ಊರ ಜಾತ್ರೆಗೆ ಸೀರಿಯಲ್ ಸೆಟ್ ಹಾಕಿದ್ದು, ಇದನ್ನೆಲ್ಲ ಹುಡುಗರು ರೆಸ್ಯೂಮ್‌ನಲ್ಲಿ ಬರೆಯೋದೇ ಇಲ್ಲ. ನಾಚಿಕೆ ಪಡ್ತಾರೆ. ಅದರ ಬದಲು ಎರಡು ಗಂಟೆಯ ಆನ್‌ಲೈನ್ ವೆಬಿನಾರಿನ ಸರ್ಟಿಫಿಕೇಟ್ ಹೆಸರು ಹಾಕ್ತಾರೆ. ತಲೆಕೆಳಗು.

ಕಳಿಸಿ ಒಂದು ವಾರ ಕಾದು, ಉತ್ತರ ಬರದಿದ್ದರೆ ಫೋನ್ ಮಾಡಿ. ಅದರಲ್ಲಿ ಸಂಕೋಚ ಬೇಡ. ಒಳ್ಳೆಯ ಮೇಲ್ ಓದಿ, ಕೆಲಸದ ಗಡಿಬಿಡಿಯಲ್ಲಿ ಮರೆತದ್ದು ನನಗೇ ಎಷ್ಟೋ ಸಲ ಆಗಿದೆ. ಫೋನ್ ಬಂದಾಗ ನೆನಪಾಗಿ ಕರೆದಿದ್ದೇನೆ.

ಹೆಣ್ಣುಮಕ್ಕಳಿಗೆ

ಅಕ್ಕನ ಮಗಳ ವಿಷಯದಲ್ಲಿ ಇನ್ನೊಂದು ಅಡ್ಡಿ ಇತ್ತು. ಅಕ್ಕನಿಗೆ ಭಯ. ಕಾರ್ಖಾನೆ ಅಂದರೆ ಬರೀ ಗಂಡಸರೇ ಇರ್ತಾರೆ, ಹೊತ್ತು ಮುಳುಗಿದ ಮೇಲೆ ಬರಬೇಕಾಗುತ್ತೆ ಅಂತ. ಆ ಭಯವನ್ನ ತಳ್ಳಿಹಾಕೋದು ಸರಿಯಲ್ಲ. ಕೆಲವು ವಿಷಯ ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಯಂ ನೌಕರರಿಗೆ ಮಾತ್ರ ಅಲ್ಲ. ತರಬೇತಿಗೆ ಬಂದವರಿಗೂ, ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ, ಸಂಬಳ ಇಲ್ಲದಿದ್ದರೂ ಸರಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸೇರುವ ದಿನವೇ "ಸಮಿತಿಯಲ್ಲಿ ಯಾರಿದ್ದಾರೆ?" ಅಂತ ಕೇಳಿ. ಹೆಸರು ಹೇಳೋಕೆ ತಡವರಿಸಿದರೆ ಅದೇ ಒಂದು ಉತ್ತರ. ಟೈಮಿಂಗ್ ಏನು, ಹೆಂಗಸರ ಶೌಚಾಲಯ ಇದೆಯಾ ಅಂತಲೂ ಕೇಳಿ. ಕೇಳೋದು ಅಹಂಕಾರ ಅಲ್ಲ.

ಅವಳಿಗೆ ನೆರವಾದದ್ದು ಇನ್ನೊಂದು, ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ಬೆಂಗಳೂರಾದರೆ ನಾಲ್ಕು ತಿಂಗಳಿಗೆ ನಲವತ್ತು ಸಾವಿರ. ಹುಬ್ಬಳ್ಳಿಗೆ ದಿನಾ ಹೋಗಿಬಂದರೆ ಬುತ್ತಿ ಮನೆಯದು, ಬಸ್ಸು ಪುಕ್ಕಟೆ, ಆಟೋ ಖರ್ಚು ಮಾತ್ರ.

ನನಗೆ ಗೊತ್ತಿದ್ದ ಕಡೆ ಮಾತಾಡಿ ಜಾಗ ಕೊಡಿಸಬಹುದಿತ್ತು. ಭಾವನೇ ಬೇಡ ಅಂದರು. "ಆಕಿನೇ ಕೇಳ್ಲಿ" ಅಂದರು. ಮರುದಿನ ಅವಳು ಅಪ್ಪನ ಜೊತೆ ಗೋಕುಲ ರಸ್ತೆಗೆ ಹೋದಳು. ಹನ್ನೊಂದು ಗೇಟಿನಲ್ಲಿ ಕೇಳಿದರು. ಏಳು ಕಡೆ ಸೆಕ್ಯುರಿಟಿಯವರೇ ವಾಪಸ್ ಕಳಿಸಿದರು. ಎರಡು ಕಡೆ ರೆಸ್ಯೂಮ್ ಇಟ್ಟುಹೋಗಿ ಅಂದರು. ಒಂದು ಕಡೆ ಡಿಸೆಂಬರ್‌ನಲ್ಲಿ ಬಾ ಅಂದರು. ಹನ್ನೊಂದನೆಯದು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಘಟಕ. ಮಾಲೀಕರು ಹೊರಗೆ ಬಂದು, "ಎಣ್ಣಿ ಕೈಗೆ ಹತ್ತತೈತಿ, ನಡೀತೈತೇನವಾ?" ಅಂದರಂತೆ. ಅವಳು "ನಡೀತೈತ್ರಿ" ಅಂದಳು. ಆಗಸ್ಟ್‌ನಿಂದ ಹದಿನಾರು ವಾರ ಹೋದಳು. ಸ್ಟೈಪೆಂಡ್ ಇರಲಿಲ್ಲ, ಮಧ್ಯಾಹ್ನದ ಚಹಾ ಇತ್ತು. ಸುಟ್ಟ ಕಾಯಿಲ್ ಬಿಚ್ಚಿ ಯಾವ ಸುತ್ತಿನಲ್ಲಿ ಇನ್ಸುಲೇಷನ್ ಹೋಗಿದೆ ಅಂತ ಹುಡುಕೋದನ್ನ ಈಗ ನನಗೆ ವಿವರಿಸ್ತಾಳೆ. ನನಗೆ ಅದು ಗೊತ್ತಿರಲಿಲ್ಲ.

ಅವಳ ಜೊತೆಯವರಲ್ಲಿ ಬಹಳ ಮಂದಿ ಆ ಕ್ಯೂಆರ್ ಕೋಡಿಗೆ ದುಡ್ಡು ಹಾಕಿದರು. ಅವರ ಅಪ್ಪಂದಿರಿಗೆ ಒಂದು ದಿನ ಬಿಡುವು ಮಾಡಿಕೊಂಡು ಜೊತೆಗೆ ಹೋಗೋಕೆ ಆಗಿರಲಿಲ್ಲ ಅಷ್ಟೇ. ಇದನ್ನ ಒಂದು ಮನೆಯ ಹಠದ ಮೇಲೆ ಬಿಡಬಾರದು.

ಕಾಲೇಜುಗಳು ಮಾಡಬಹುದಾದ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಐದನೇ ಸೆಮಿಸ್ಟರಿನ ಮೊದಲ ವಾರವೇ ಯಾರು ಏಳರಲ್ಲಿ ಹೋಗಬೇಕು, ಯಾರು ಎಂಟರಲ್ಲಿ ಅಂತ ಪಟ್ಟಿ ಹಾಕಲಿ. ಅಕ್ಟೋಬರ್‌ನಲ್ಲಿ ಅಕಾಡೆಮಿ ಮತ್ತು ಜಕ್ಕೂರಿನ ಅರ್ಜಿಗಳ ವಿವರವನ್ನ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಲಿ. ಶಿಫಾರಸು ಕೇಳಿ ಬಂದ ಹುಡುಗನನ್ನ ಮೂರು ದಿನ ಅಲೆಸದೆ ಮೇಷ್ಟ್ರು ಅವತ್ತೇ ಬರೆದುಕೊಡಲಿ. ವಿಭಾಗದ ಒಬ್ಬರು ವರ್ಷಕ್ಕೆ ಎರಡು ದಿನ ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ ಗೇಟು ಗೇಟಿಗೆ ಹೋಗಿ ಕೇಳಿ ಬರಲಿ. ಕಾಲೇಜಿನ ಮೇಷ್ಟ್ರು ಬಂದರೆ ಸೆಕ್ಯುರಿಟಿಯವರು ವಾಪಸ್ ಕಳಿಸಲ್ಲ, ಇದು ನಾನು ಗೇಟಿನ ಒಳಗಿನಿಂದ ನೋಡಿದ್ದು. ಇನ್ನೊಂದು, ಮಧ್ಯದಲ್ಲಿ ಒಂದು ಸಲವಾದರೂ ಬಂದು ನಿಮ್ಮ ವಿದ್ಯಾರ್ಥಿ ಏನು ಮಾಡ್ತಿದ್ದಾನೆ ನೋಡಿ. ನಮ್ಮಲ್ಲಿಗೆ ಇಷ್ಟು ವರ್ಷದಲ್ಲಿ ಹಾಗೆ ಬಂದವರು ಇಬ್ಬರೇ. ಮೇಷ್ಟ್ರು ಬರ್ತಾರೆ ಅಂತಾದರೆ ಸುಳ್ಳು ಸರ್ಟಿಫಿಕೇಟಿನ ಅಂಗಡಿ ತಾನಾಗಿಯೇ ಮುಚ್ಚುತ್ತೆ, ಯಾಕಂದ್ರೆ ತೋರಿಸೋಕೆ ಅವರ ಹತ್ತಿರ ಜಾಗವೇ ಇಲ್ಲ.

ನಮ್ಮ ಕಡೆಯವರೂ ಮಾಡಬೇಕಾದ್ದಿದೆ. ನಮ್ಮಲ್ಲಿ ವರ್ಷಕ್ಕೆ ಇಬ್ಬರನ್ನ ತಗೊಳ್ತೇವೆ. ಅವರಿಗೆ ಅಂತಲೇ ಟೆಸ್ಟಿಂಗ್ ಬೇ ಪಕ್ಕದಲ್ಲಿ ಎರಡು ಟೇಬಲ್ ಇದೆ. ಗೋಡೆ ಕಡೆ ಇರುವ ಹಳೆಯ ರ‍್ಯಾಕ್ ತೆಗೆದರೆ ಮೂರನೆಯದೂ ಹಿಡಿಯುತ್ತೆ, ಮೊನ್ನೆ ಟೇಪ್ ಹಿಡಿದು ಅಳೆದು ನೋಡಿದೆ. ಮೂರನೇ ಇಂಟರ್ನ್‌ಗೆ ತಿಂಗಳಿಗೆ ಐದು ಸಾವಿರ ಕೊಟ್ಟರೆ ನಾಲ್ಕು ತಿಂಗಳಿಗೆ ಇಪ್ಪತ್ತು ಸಾವಿರ. ಆ ಲೆಕ್ಕ ಬರೆದು ಮಾಲೀಕರ ಟೇಬಲ್ ಮೇಲೆ ಇಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಸೋಮವಾರ ಮತ್ತೆ ಕೇಳಬೇಕು.